ಹೆಚ್ಚು ತೂಕದ ಟೆಲ್ಲುರಿಯಂ ಅಯೋಡಿನ್‌ಗಿಂತ ಮೊದಲು ಏಕೆ ಬರುತ್ತದೆ?

(ಪರದೆಯಲ್ಲಿ: ಆವರ್ತ ಕೋಷ್ಟಕದ ಐದನೇ ಸಾಲು. 52 ಮತ್ತು 53ನೇ ಮನೆಗಳು ಮಾತ್ರ ಬಣ್ಣದಲ್ಲಿ.)

ನಮಸ್ಕಾರ. ಪ್ರೌಢಶಾಲೆಯ ಗೋಡೆಯಲ್ಲಿ ತೂಗುವ ಆವರ್ತ ಕೋಷ್ಟಕವನ್ನು ನೀವೆಲ್ಲರೂ ನೋಡಿರುತ್ತೀರಿ. ಇಂದು ಅದರ ಎರಡೇ ಎರಡು ಮನೆಗಳನ್ನು ಹತ್ತಿರದಿಂದ ನೋಡೋಣ. 52ನೇ ಮನೆಯ ಟೆಲ್ಲುರಿಯಂನ ಪರಮಾಣು ತೂಕ 127.6, ಪಕ್ಕದ ಅಯೋಡಿನ್‌ನದು 126.9. ತೂಕದ ಏರಿಕೆಯೊಂದೇ ನಿಯಮವಾಗಿದ್ದರೆ ಇವೆರಡೂ ಅದಲುಬದಲಾಗಿ ಕುಳಿತಿರಬೇಕಿತ್ತು.

(ಪರದೆಯಲ್ಲಿ: 1869ರ ಮುದ್ರಿತ ಕೋಷ್ಟಕ.)

1869ರಲ್ಲಿ ರಷ್ಯಾದ ರಸಾಯನವಿಜ್ಞಾನಿ ದ್ಮಿತ್ರಿ ಮೆಂಡಲೀಫ್, ಆಗ ಗೊತ್ತಿದ್ದ 63 ಧಾತುಗಳನ್ನು ತೂಕದ ಕ್ರಮದಲ್ಲಿ ಬರೆಯುತ್ತ ಹೋದಂತೆ ಒಂದೇ ಬಗೆಯ ಗುಣಗಳು ಮತ್ತೆ ಮತ್ತೆ ಮರಳುವುದನ್ನು ಕಂಡು, ಗುಣದಲ್ಲಿ ಹೋಲುವವುಗಳನ್ನು ಒಂದು ಗುಂಪಿಗೆ ತಂದರು. ಬಿಸಿ ಮಾಡಿದರೆ ನೇರಳೆ ಆವಿಯಾಗಿ ಏಳುವ, ಸೋಡಿಯಂ ಜೊತೆ ಸೇರಿ ಬಿಳಿಯ ಲವಣವಾಗುವ ಅಯೋಡಿನ್ ಕ್ಲೋರಿನ್ ಮತ್ತು ಬ್ರೋಮಿನ್‌ಗಳ ಬಳಗಕ್ಕೆ ಸೇರಿದ್ದು. ಟೆಲ್ಲುರಿಯಂ ಗಂಧಕ ಮತ್ತು ಸೆಲೆನಿಯಂಗಳ ಕಡೆಯದು. ಆದ್ದರಿಂದ ಅವರು ಗುಣಕ್ಕೇ ಬೆಲೆ ಕೊಟ್ಟು ಟೆಲ್ಲುರಿಯಂ ಅನ್ನು ಮೊದಲು ಇಟ್ಟರು. ಅದರ ತೂಕವಾದ 128ರ ಪಕ್ಕದಲ್ಲಿ ಮುದ್ರಿತವಾಗಿರುವ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ಅಳತೆಯೇ ತಪ್ಪಿರಬೇಕೆಂದು ಅವರು ನಂಬಿದ್ದರು. ಆ ನಂಬಿಕೆ ಉಳಿಯಲಿಲ್ಲ, ಆದರೆ ಅವರು ಕೊಟ್ಟ ಸ್ಥಾನ ಇಂದಿಗೂ ಕದಲಿಲ್ಲ.

ಇನ್ನೊಂದು ಕಡೆ ಅವರ ಅನುಮಾನವೇ ನಿಜವಾಯಿತು. ಅಲ್ಯೂಮಿನಿಯಂನ ಕೆಳಗೆ ಖಾಲಿ ಬಿಟ್ಟ ಮನೆಯ ಧಾತುವಿಗೆ ಸಂಸ್ಕೃತದ ‘ಏಕ’ ಪದವನ್ನು ಸೇರಿಸಿ ಏಕ-ಅಲ್ಯೂಮಿನಿಯಂ ಎಂದು ಹೆಸರಿಟ್ಟಿದ್ದರು. 1875ರಲ್ಲಿ ಫ್ರಾನ್ಸಿನಲ್ಲಿ ಆ ಧಾತು ಸಿಕ್ಕಿತು. ಅದೇ ಅಂಗೈಯ ಬಿಸಿಗೆ ಕರಗುವ ಗ್ಯಾಲಿಯಂ. ಕಂಡುಹಿಡಿದವರು ಸಾಂದ್ರತೆಯನ್ನು 4.7 ಎಂದರೆ, ಲೋಹವನ್ನು ಕಣ್ಣಾರೆ ಕಾಣದ ಮೆಂಡಲೀಫ್ ಅದು 5.9ರ ಆಸುಪಾಸಿನಲ್ಲಿರಬೇಕೆಂದು ತಿಳಿಸಿದರು. ಶುದ್ಧಗೊಳಿಸಿ ಮತ್ತೆ ಅಳೆದಾಗ 5.9 ಎಂದೇ ಬಂತು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಪ್ರಸಂಗ ಇನ್ನೊಂದಿಲ್ಲ.

(ಪರದೆಯಲ್ಲಿ: ಎಕ್ಸ್-ಕಿರಣ ನಳಿಕೆಯ ರೇಖಾಚಿತ್ರ.)

ಟೆಲ್ಲುರಿಯಂನ ಒಗಟನ್ನು ಬಿಡಿಸುವ ದಾರಿ 1913ರಲ್ಲಿ ತೆರೆಯಿತು. ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಬೇರೆ ಬೇರೆ ಧಾತುಗಳು ಹೊಮ್ಮಿಸುವ ಎಕ್ಸ್-ಕಿರಣಗಳನ್ನು ಅಳೆದು, ಅವುಗಳ ಆವೃತ್ತಿಯ ವರ್ಗಮೂಲವು ಧಾತುವಿನಿಂದ ಧಾತುವಿಗೆ ಸಮನಾದ ಮೆಟ್ಟಿಲುಗಳಲ್ಲಿ ಏರುವುದನ್ನು ತೋರಿಸಿದರು. ಕೋಬಾಲ್ಟ್ ನಿಕ್ಕಲ್‌ಗಿಂತ ತುಸು ಭಾರವಾದರೂ ಒಂದು ಮೆಟ್ಟಿಲು ಕೆಳಗಿತ್ತು. ಧಾತುವಿನ ಸ್ಥಾನವನ್ನು ನಿರ್ಧರಿಸುವುದು ತೂಕವಲ್ಲ, ಬೀಜಕೇಂದ್ರದಲ್ಲಿರುವ ಧನ ವಿದ್ಯುದಂಶ, ಅಂದರೆ ಇಂದು ನಾವು ಎಣಿಸುವ ಪ್ರೋಟಾನುಗಳ ಸಂಖ್ಯೆ. ಅದೇ ಪರಮಾಣು ಸಂಖ್ಯೆ.

ಪ್ರೋಟಾನುಗಳಿದ್ದಷ್ಟೇ ಇಲೆಕ್ಟ್ರಾನುಗಳೂ ಇರುತ್ತವೆ. ಅವು ತುಂಬುತ್ತಿರುವ ಹೊರಕವಚ ಎಷ್ಟನೆಯದು ಎಂಬುದು ಸಾಲನ್ನು ಹೇಳುತ್ತದೆ. ಟೆಲ್ಲುರಿಯಂ ಮತ್ತು ಅಯೋಡಿನ್ ಎರಡಕ್ಕೂ ಅದು ಐದನೆಯದು. ಅಲ್ಲಿ ಟೆಲ್ಲುರಿಯಂಗೆ ಗಂಧಕದಂತೆ ಆರು ಇಲೆಕ್ಟ್ರಾನುಗಳು, ಅಯೋಡಿನ್‌ಗೆ ಕ್ಲೋರಿನ್‌ನಂತೆ ಏಳು. ಗುಂಪಿನವರೆಲ್ಲ ಒಂದೇ ರೀತಿ ವರ್ತಿಸುವುದು ಇದರಿಂದಲೇ.

ಹಾಗಾದರೆ ಆ ಹೆಚ್ಚುವರಿ ತೂಕ ಎಲ್ಲಿಯದು? ನಿಸರ್ಗದಲ್ಲಿ ಸಿಗುವ ಅಯೋಡಿನ್ ಪರಮಾಣುವಿನಲ್ಲಿ 74 ನ್ಯೂಟ್ರಾನುಗಳಿರುತ್ತವೆ. ಟೆಲ್ಲುರಿಯಂನಲ್ಲಾದರೋ ದೊಡ್ಡ ಪಾಲು 76 ಅಥವಾ 78 ನ್ಯೂಟ್ರಾನುಗಳಿರುವ ಪರಮಾಣುಗಳದೇ.