ಯಾರೂ ಮುಟ್ಟದ ಚೆಂಡು

ಈ ಕ್ಲಿಪ್ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 2014ರ ಮೇ 9, ಅಮೆರಿಕದ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ನಡೆದ ಬೇಸ್‌ಬಾಲ್ ಪಂದ್ಯ. ರೇಂಜರ್ಸ್ ತಂಡದ ಪಿಚರ್ (ಚೆಂಡೆಸೆಯುವವರು) ಯು ಡಾರ್ವಿಶ್ ಏಳನೇ ಇನಿಂಗ್ಸ್‌ನಲ್ಲಿ ಎರಡು ಔಟ್ ಆಗುವವರೆಗೂ ಎದುರಾಳಿ ರೆಡ್ ಸಾಕ್ಸ್‌ನ ಒಬ್ಬರನ್ನೂ ಬೇಸ್ (ಬ್ಯಾಟರ್ ಓಡಿ ತಲುಪಬೇಕಾದ ಗುರುತು) ಮುಟ್ಟಲು ಬಿಟ್ಟಿರಲಿಲ್ಲ. ಆಗ ಡೇವಿಡ್ ಆರ್ಟಿಜ್ ಚೆಂಡನ್ನು ಎತ್ತರಕ್ಕೆ ಹೊಡೆದರು. ಸೆಕೆಂಡ್ ಬೇಸ್‌ಮನ್ ರೂಗ್ನೆಡ್ ಓಡೋರ್ ಹಿಂದಕ್ಕೆ ಓಡಿದರು, ರೈಟ್ ಫೀಲ್ಡರ್ ರಿಯೋಸ್ ಮುಂದೆ ಬಂದರು. ಗಲ್ಲಿ ಕ್ರಿಕೆಟ್‌ನಲ್ಲಿ "ನಿಂದು, ನಿಂದು" ಅಂತ ಇಬ್ಬರೂ ಬಿಟ್ಟುಬಿಡುತ್ತೇವಲ್ಲ, ಹಾಗೇ ಆಯಿತು. ಚೆಂಡು ಮಧ್ಯೆ ಬಿತ್ತು. ಯಾರೂ ಮುಟ್ಟಲಿಲ್ಲ.

ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟರೂ ಓಡಿದ ರನ್ ಬ್ಯಾಟ್ಸ್‌ಮನ್ ಖಾತೆಗೇ ಹೋಗುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಇದು ಬ್ಯಾಟರ್ ಗಳಿಸಿದ ಹಿಟ್ಟೋ, ಫೀಲ್ಡರ್ ಮಾಡಿದ ಎರರ್ರೋ ಅಂತ ಪ್ರೆಸ್ ಬಾಕ್ಸ್‌ನಲ್ಲಿ ಕೂತ ಸ್ಕೋರರ್ ಹೇಳಬೇಕು. ಅಂಪೈರ್ ಇದರಲ್ಲಿ ತಲೆಹಾಕುವುದಿಲ್ಲ. ಹಿಟ್ ಅಂದರೆ ಡಾರ್ವಿಶ್ ಅವರ ನೋ-ಹಿಟರ್, ಅಂದರೆ ಪಂದ್ಯವಿಡೀ ಎದುರಾಳಿಗೆ ಒಂದೂ ಹಿಟ್ ಕೊಡದ ಸಾಧನೆ, ಅಲ್ಲಿಗೇ ಮುಗಿಯಿತು. ಎರರ್ ಅಂದರೆ ಆರ್ಟಿಜ್ ಅವರ ಸರಾಸರಿ ಇಳಿಯುತ್ತದೆ.

ನಿಯಮ ಕೇಳುವುದು ಇಷ್ಟೇ. ಆ ಜಾಗದಲ್ಲಿ ಒಬ್ಬ ಸಾಧಾರಣ ಫೀಲ್ಡರ್ ಇದ್ದಿದ್ದರೆ ಮಾಮೂಲಿ ಪ್ರಯತ್ನದಲ್ಲಿ ಹಿಡಿಯುತ್ತಿದ್ದನಾ? ಮೈದಾನ, ಹವೆ ಹೇಗಿತ್ತು ಅನ್ನುವುದನ್ನೂ ನೋಡಬೇಕು. ಕೈಗೆ ಚೆಂಡು ತಾಗಿರಲೇಬೇಕು ಅಂತಿಲ್ಲ. ನಿಧಾನವಾಗಿ ಆಡಿದ್ದು ಎರರ್ ಅಲ್ಲ. ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆಗಬಹುದಿತ್ತು ಅಂತ ಸುಮ್ನೆ ಊಹಿಸುವ ಹಾಗೂ ಇಲ್ಲ.

ಅಂದರೆ ಕಣ್ಣಿಗೆ ಕಂಡದ್ದನ್ನು ಬರೆದರೆ ಸಾಲದು, ನಡೆಯದೇ ಹೋದದ್ದನ್ನೂ ತೂಗಬೇಕು. ಎಷ್ಟು ಕಷ್ಟದ ಕೆಲಸ, ಅಲ್ವಾ?

ಅವತ್ತು ಸ್ಕೋರರ್ ರಿಯೋಸ್ ಮೇಲೆ ಎರರ್ ಹಾಕಿದರು. ಇಬ್ಬರ ನಡುವೆ ಬಿದ್ದ ಚೆಂಡನ್ನು ಹಿಟ್ ಅಂತ ಬರೆಯುವುದೇ ಜಾಸ್ತಿ ರೂಢಿ, ಹಾಗಾಗಿ ತುಂಬ ಜನ ಬೆರಗಾದರು. ಕೊನೆಯ ಒಂಬತ್ತನೇ ಇನಿಂಗ್ಸ್‌ನಲ್ಲಿ, ಇನ್ನೊಂದೇ ಔಟ್ ಬಾಕಿ ಇದ್ದಾಗ, ಅದೇ ಆರ್ಟಿಜ್ ಯಾರೂ ಅನುಮಾನಪಡದಂಥ ಹಿಟ್ ಹೊಡೆದರು. ನೋ-ಹಿಟರ್ ಹೇಗೂ ಹೋಯಿತು. ಕೆಲವು ದಿನಗಳ ನಂತರ ಲೀಗ್ ಏಳನೇ ಇನಿಂಗ್ಸ್‌ನ ತೀರ್ಪನ್ನೂ ಹಿಟ್ ಅಂತ ತಿದ್ದಿತು.

ನಾನು ಮಾತ್ರ ಆ ಸ್ಕೋರರ್ ಪರ. ರೂಢಿ ಏನೇ ಇರಲಿ, ರಿಯೋಸ್ ಬರುವ ವೇಗ ನೋಡಿ. ಇನ್ನೆರಡು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಸ್ಕೋರ್ ಬರೆಯುವಾಗ ರೈಟ್ ಫೀಲ್ಡರ್‌ಗೆ 9ನೇ ಸಂಖ್ಯೆ, ಎರರ್‌ಗೆ 'ಇ' ಅಕ್ಷರ. ಪೆನ್ಸಿಲ್ ಹಿಡಿದು ಈ ಪಂದ್ಯವನ್ನು ಮೊದಲಿನಿಂದ ನಾನೇ ಬರೆದುಕೊಂಡಿದ್ದೇನೆ. ನನ್ನ ಪುಸ್ತಕದಲ್ಲಿ ಆ ಚೌಕದೊಳಗೆ ಇವತ್ತಿಗೂ 'ಇ-9' ಅಂತಲೇ ಇದೆ.