ಮೊಬೈಲಿಗೂ ಒಂದು ಮುಯ್ಯಾಳು

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆ ಕೊನೆಕೊಯ್ಲು ಶುರುವಾದರೆ ರಾತ್ರಿ ಅಡಿಕೆ ಸುಲಿಯೋಕೆ ಅಕ್ಕಪಕ್ಕದವರೆಲ್ಲ ಸೇರುತ್ತಾರೆ. ಇವತ್ತು ನಮ್ಮ ಮನೆಗೆ ನೀವು ಬಂದಿರಿ, ನಾಳೆ ನಿಮ್ಮ ಮನೆಗೆ ನಾವು. ಇದೇ ಮುಯ್ಯಾಳು. ಕಂಪ್ಯೂಟರುಗಳ ನಡುವೆಯೂ ಇಂಥದೊಂದು ಮುಯ್ಯಿ ಇದೆ, ಒಂದು ಇನ್ನೊಂದಕ್ಕೆ ನೇರವಾಗಿ ಫೈಲು ಕೊಟ್ಟು ತಗೊಳ್ಳೋದು. ಅದಕ್ಕೆ ಪೀರ್-ಟು-ಪೀರ್ ಅನ್ನುತ್ತಾರೆ. ಅದರೊಳಗೆ ನಮ್ಮ ಮೊಬೈಲನ್ನು ಸೇರಿಸಿಕೊಳ್ಳೋದು ಹೇಗೆ ಅನ್ನೋದೇ ಇವತ್ತಿನ ಮಾತು.

2001ರಲ್ಲಿ ಬ್ರಾಮ್ ಕೋಹೆನ್ ಅನ್ನುವ ಅಮೆರಿಕದ ಪ್ರೋಗ್ರಾಮರ್ ಬಿಟ್‌ಟೊರೆಂಟ್ ಅನ್ನುವ ಫೈಲ್ ಹಂಚಿಕೆಯ ವ್ಯವಸ್ಥೆ ತಂದರು. ಅದು ದೊಡ್ಡ ಫೈಲನ್ನು ಸಣ್ಣ ತುಂಡುಗಳಾಗಿ ಮಾಡುತ್ತದೆ. ಒಂದು ತುಂಡು ಕೈಗೆ ಬಂದ ಕೂಡಲೇ ಅದನ್ನು ಇನ್ನೊಬ್ಬರಿಗೆ ಕೊಡಬಹುದು, ಪೂರ್ತಿ ಬರಲಿ ಅಂತ ಕಾಯಬೇಕಿಲ್ಲ. ಕೊಡುವವರಿಗೆ ಬೇಗ ಸಿಗುತ್ತದೆ, ಬರೀ ತಗೊಳ್ಳುವವರು ಹಿಂದೆ ಬೀಳುತ್ತಾರೆ. ಮುಯ್ಯಿ ಅಂದರೆ ಹಾಗೇ ಅಲ್ವಾ?

ಮೊಬೈಲ್ ಹಿಂದೆ ಬೀಳೋದು ಇಲ್ಲೇ. ಅದಕ್ಕೆ ಕೊಡುವ ಮನಸ್ಸಿದ್ದರೂ ಶಕ್ತಿ ಸಾಲದು. ಸಿಗ್ನಲ್ ಕ್ಷೀಣವಿದ್ದಲ್ಲಿ ಫೈಲ್ ಕಳಿಸುತ್ತಾ ಕೂತರೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಕೊಟ್ಟಿದ್ದೂ ಡೇಟಾ ಪ್ಯಾಕಿನ ಲೆಕ್ಕಕ್ಕೇ. ಮನೆಯ ವೈಫೈ ಬಿಟ್ಟು ರಸ್ತೆಗಿಳಿದರೆ ಫೋನಿನ ಇಂಟರ್ನೆಟ್ ವಿಳಾಸವೇ ಬದಲು. ಎಷ್ಟೋ ಫೋನುಗಳನ್ನು ಮೊಬೈಲ್ ಕಂಪನಿ ಒಂದೇ ವಿಳಾಸದ ಹಿಂದೆ ಇಟ್ಟಿರುತ್ತದೆ, ಹೊರಗಿನವರು ನೇರ ಬಂದು ಬಾಗಿಲು ತಟ್ಟೋಕಾಗೋದಿಲ್ಲ. ಸಾಲದ್ದಕ್ಕೆ 2015ರ ಆಂಡ್ರಾಯ್ಡ್ 6ರಿಂದ, ಸುಮ್ನೆ ಬಿದ್ದಿರುವ ಫೋನು ಹಿನ್ನೆಲೆಯ ಹೆಚ್ಚಿನ ಕೆಲಸವನ್ನು ಮಲಗಿಸಿಬಿಡುತ್ತದೆ.

ಮುಯ್ಯಿಗೆ ಹೋಗೋಕಾಗದಿದ್ದರೆ ನಾವೇನು ಮಾಡುತ್ತೇವೆ? ಬದಲಿ ಆಳು ಕಳಿಸುತ್ತೇವೆ. ಇಲ್ಲೂ ಅದೇ ದಾರಿ. ಮನೆಯಲ್ಲೊಂದು ಸಣ್ಣ ಕಂಪ್ಯೂಟರ್ ಸದಾ ಚಾಲೂ ಇರಲಿ, ಹೊರಗಿನ ಕೊಡುಕೊಳ್ಳುವಿಕೆ ಅದು ನೋಡಿಕೊಳ್ಳಲಿ. ಫೋನು ವೈಫೈ ಇದ್ದಾಗ, ಚಾರ್ಜಿಗಿಟ್ಟಾಗ ಅದರಿಂದ ತಗೊಂಡರಾಯಿತು. ಸಿಂಕ್‌ಥಿಂಗ್ ಅನ್ನುವ ಉಚಿತ ತಂತ್ರಾಂಶದಿಂದ ಇದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಆದರೆ ನನಗೆ ಜಾಸ್ತಿ ಆಸೆ ಇರೋದು ಇನ್ನೊಂದರ ಮೇಲೆ. ಹೋದ ಮಳೆಗಾಲದಲ್ಲಿ ನಮ್ಮೂರಲ್ಲಿ ಮೂರು ದಿನ ಕರೆಂಟಿಲ್ಲ. ಟವರೂ ಸತ್ತಿತ್ತು. ಊರಲ್ಲಾದ ಬಯಲಾಟವನ್ನು ನಾವೇ ಚಿತ್ರೀಕರಿಸಿದ್ದೆವು, ಅದು ನನ್ನೊಬ್ಬನ ಫೋನಿನಲ್ಲಿತ್ತು. ಜಗಲಿ ಮೇಲೆ ಒಟ್ಟು ಎಂಟು ಫೋನು. ವೈಫೈ ಡೈರೆಕ್ಟ್ ಅಂತ ಒಂದಿದೆ, ಅದಕ್ಕೆ ಟವರೂ ಬೇಡ, ಇಂಟರ್ನೆಟ್ಟೂ ಬೇಡ, ಫೋನು ಫೋನಿನ ಜೊತೆ ನೇರ ಮಾತಾಡುತ್ತದೆ. ನಾನು ಪಕ್ಕದವರಿಗೆ ಕೊಟ್ಟೆ, ಎರಡಾಯಿತು. ನಾವಿಬ್ಬರೂ ಇನ್ನಿಬ್ಬರಿಗೆ, ನಾಲ್ಕಾಯಿತು. ಮೂರನೇ ಸುತ್ತಿಗೆ ಎಂಟೂ ಮುಗಿಯಿತು. ಎಲ್ಲರಿಗೂ ನಾನೊಬ್ಬನೇ ಕಳಿಸಿದ್ದರೆ ಏಳು ಸುತ್ತು ಬೇಕಿತ್ತು, ನನ್ನ ಬ್ಯಾಟರಿ ಅಷ್ಟು ತಡೆಯುತ್ತಿರಲಿಲ್ಲ.

ಒಂದೇ ಬೇಸರ. ಪ್ರತಿ ಸುತ್ತಿಗೂ ಫೈಲು ಪೂರ್ತಿ ಬರುವತನಕ ಕಾಯಬೇಕಾಯಿತು. ಬಿಟ್‌ಟೊರೆಂಟಿನ ತುಂಡು ಮಾಡುವ ಉಪಾಯವನ್ನು ಈ ಜಗಲಿಯ ಹಂಚಿಕೆಗೆ ಜೋಡಿಸಿದರೆ ಕಾಯೋದೇ ತಪ್ಪುತ್ತದೆ. ಆ್ಯಪ್ ಬರೆಯೋದು ಕಲಿಯುತ್ತಿರುವ ನಮ್ಮ ಜಿಲ್ಲೆಯ ಮಕ್ಕಳು ಯಾರಾದರೂ ಕೇಳುತ್ತಿದ್ದರೆ, ದಯವಿಟ್ಟು ಇದನ್ನು ಕೈಗೆತ್ತಿಕೊಳ್ಳಿ.

ಕೊನೆಯ ಫೋನು ನಮ್ಮ ದೊಡ್ಡಮ್ಮನದು. ಫೈಲ್ ಬಂದದ್ದೇ ತಡ, ಅವರು ಅದನ್ನು ಕಿವಿಗೆ ಹಿಡಿದರು. ಹೊರಗೆ ಮಳೆ ಹೊಯ್ಯುತ್ತಿತ್ತು, ಆ ಸದ್ದಿನೊಳಗೇ ಚಂಡೆ ಕೇಳಿಸಿತು.

ನಮಸ್ಕಾರ.