ಮೂರನೇ ಸೆಮಿಸ್ಟರಿನ ಸಿಲೆಬಸ್ ತೆಗೆದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಇಟಿ ಫಲಿತಾಂಶ ಬಂದಿದೆ. ಇನ್ನು ಕೆಲವೇ ದಿನಕ್ಕೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ತುಂಬುವುದು, ಶುರುವಾಗುತ್ತದೆ. ಈಗ ಎಷ್ಟೋ ಮನೆಗಳಲ್ಲಿ ಇದೇ ಮಾತು. ಕಂಪ್ಯೂಟರ್ ಸೈನ್ಸ್ ಹಾಕೋಣವೋ, ಎಐ ಅಂದರೆ ಕೃತಕ ಬುದ್ಧಿಮತ್ತೆ ಹಾಕೋಣವೋ, ಡೇಟಾ ಸೈನ್ಸ್ ಹಾಕೋಣವೋ? ಅಡುಗೆಮನೆಯಿಂದ ಅಮ್ಮ ಒಂದು ಹೇಳುತ್ತಾರೆ, ಜಗಲಿಯಿಂದ ಅಪ್ಪ ಇನ್ನೊಂದು, ಫೋನಿನಲ್ಲಿ ಬೆಂಗಳೂರಿನ ಚಿಕ್ಕಪ್ಪ ಮತ್ತೊಂದು. ಓದಬೇಕಾದ ಮಗು ಮಾತ್ರ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ನಾನು ಇವತ್ತು ಆ ಮಗುವಿನ ಹತ್ತಿರ ಮಾತಾಡಬೇಕು ಅಂತಲೇ ಬಂದಿದ್ದೇನೆ. ದೊಡ್ಡವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.

ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡಲು ಶುರುಮಾಡಿ ಇಪ್ಪತ್ತೈದು ವರ್ಷ ದಾಟಿತು. ಪ್ರತಿ ವರ್ಷವೂ ಈ ಕಾಲಕ್ಕೆ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ, ಯಾವ ಬ್ರಾಂಚ್ ತಗೊಂಡರೆ ಒಳ್ಳೇದು? ನನ್ನ ಉತ್ತರವೂ ಒಂದೇ. ಬ್ರಾಂಚಿನ ಹೆಸರು ನೋಡಬೇಡಿ. ಮೂರನೇ ಸೆಮಿಸ್ಟರಿನ ಸಿಲೆಬಸ್ ತೆಗೆದು ನೋಡಿ.

ಮೂರನೆಯದೇ ಯಾಕೆ? ಮೊದಲ ವರ್ಷ ಅಂದರೆ ಎರಡು ಸೆಮಿಸ್ಟರ್. ಅದರಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಸ್ವಲ್ಪ ಸಿ ಪ್ರೋಗ್ರಾಮಿಂಗ್ ಇರುತ್ತದೆ. ಪಿಯುಸಿಯ ಮುಂದುವರಿಕೆ ಅಂತ ತಿಳಿದುಕೊಳ್ಳಿ. ನಿಜವಾದ ಕಂಪ್ಯೂಟರ್ ಓದು ಶುರುವಾಗುವುದೇ ಮೂರನೇ ಸೆಮಿಸ್ಟರಿನಲ್ಲಿ. ಅಲ್ಲಿ ಏನಿದೆ ಅಂತ ನೋಡದೆ ನಾಲ್ಕು ವರ್ಷ ಬರೆದುಕೊಡುತ್ತೀರಲ್ಲ, ಅದೇ ನನಗೆ ಅರ್ಥವಾಗುವುದಿಲ್ಲ. ಒಂದು ಸೀರೆ ಕೊಳ್ಳಬೇಕಾದರೆ ಸೆರಗು ಬಿಡಿಸಿ ನೋಡುತ್ತೀರಿ, ಅಲ್ವಾ?

ಎರಡು ವರ್ಷದ ಹಿಂದಿನ ಮಾತು. ಮಳೆ ಹಿಡಿದಿತ್ತು. ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಡಿಪಾರ್ಟ್‌ಮೆಂಟಿಗೆ ಬಂದರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ಕೂತ್ಕೊಳ್ಳಿ ಯಜಮಾನರೇ ಅಂದರೂ ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ತೆಗೆದರು. ಅದರಲ್ಲಿ ಹನ್ನೊಂದು ಹೆಸರು. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ ಅಂಡ್ ಮೆಷಿನ್ ಲರ್ನಿಂಗ್ ಅನ್ನುವ ಎಐ ಅಂಡ್ ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಕಂಪ್ಯೂಟರ್ ಸೈನ್ಸ್ ಅಂಡ್ ಡಿಸೈನ್, ಹೀಗೆ ಉದ್ದಕ್ಕೂ. ಊರಿನ ಸೈಬರ್ ಸೆಂಟರಿನ ಹುಡುಗ ಬರೆದುಕೊಟ್ಟಿದ್ದನಂತೆ.

"ಸಾರ್, ಇದರಲ್ಲಿ ಯಾವುದು ದೊಡ್ಡದು?" ಅಂದರು.

ನಾನು ಉತ್ತರ ಕೊಡಲಿಲ್ಲ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಗ ನಡೆಯುತ್ತಿದ್ದ 2022ರ ಸ್ಕೀಮ್, ಅಂದರೆ ಪಾಠಕ್ರಮ ತೆಗೆದೆ. ಕಂಪ್ಯೂಟರ್ ಸೈನ್ಸಿನ ಮೂರನೇ ಸೆಮಿಸ್ಟರ್ ಒಂದು ಹಾಳೆ, ಎಐ ಅಂಡ್ ಎಂಎಲ್‌ನ ಮೂರನೇ ಸೆಮಿಸ್ಟರ್ ಒಂದು ಹಾಳೆ ಪ್ರಿಂಟ್ ಹಾಕಿ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟೆ. ಮಗಳಿಗೆ ಪೆನ್ಸಿಲ್ ಕೊಟ್ಟು, "ಜೋರಾಗಿ ಓದಮ್ಮ, ಎರಡರಲ್ಲೂ ಇರೋದಕ್ಕೆ ಟಿಕ್ ಹಾಕು" ಅಂದೆ. ಅವಳು ಓದುತ್ತಾ ಹೋದಳು. ಗಣಿತ, ಟಿಕ್. ಡಿಜಿಟಲ್ ಡಿಸೈನ್, ಟಿಕ್. ಆಪರೇಟಿಂಗ್ ಸಿಸ್ಟಮ್ಸ್, ಟಿಕ್. ಡೇಟಾ ಸ್ಟ್ರಕ್ಚರ್ಸ್, ಟಿಕ್. ಅದರ ಲ್ಯಾಬ್, ಅದಕ್ಕೂ ಟಿಕ್. ಮುಖ್ಯ ವಿಷಯಗಳಲ್ಲಿ ಟಿಕ್ ಬೀಳದೆ ಉಳಿದದ್ದು ಒಂದೂ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಎರಡೂ ಹಾಳೆ ನೋಡಿದರು. "ಹಾಗಾದರೆ ಹಿಟ್ಟೂ ಒಂದೇ, ಮುದ್ದೆಯೂ ಒಂದೇ, ತಟ್ಟೆ ಬೇರೆ ಅನ್ನಿ ಸಾರ್" ಅಂದರು. ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ.

ಸರಿ, ಮುದ್ದೆ ಒಂದೇ ಅಂತಾಯಿತು. ಆ ಮುದ್ದೆ ಮಗಳಿಗೆ ಇಷ್ಟವಾಗುತ್ತದಾ, ಅದನ್ನು ನೋಡಬೇಕಲ್ಲ. "ಮನೆಯಲ್ಲಿ ಏನು ಕೆಲಸ ಮಾಡ್ತೀಯಮ್ಮ?" ಅಂತ ಕೇಳಿದೆ. "ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರ್ತೀನಿ ಸಾರ್" ಅಂದಳು. "ಹಾಗಾದರೆ ಡೇರಿಯವರು ಕೊಡುವ ಬಟವಾಡೆ ದುಡ್ಡಿನ ಲೆಕ್ಕ ಹೇಗೆ ಅಂತ ಬರಿ. ಏನೂ ಗೊತ್ತಿಲ್ಲದವನು ಓದಿದರೂ ಲೆಕ್ಕ ಹಾಕುವ ಹಾಗಿರಬೇಕು" ಅಂದೆ.

ಅದೇ ಹಾಳೆಯ ಹಿಂದೆ ಬರೆದಳು. ಹಾಲು ಅಳೆಯಬೇಕು. ಮಷಿನ್‌ನಲ್ಲಿ ಫ್ಯಾಟು, ಎಸ್‌ಎನ್‌ಎಫ್, ಅಂದರೆ ಹಾಲಿನ ಕೊಬ್ಬು ಮತ್ತು ಕೊಬ್ಬು ಬಿಟ್ಟು ಉಳಿದ ಘನಾಂಶ ನೋಡಬೇಕು. ಅದಕ್ಕೆ ತಕ್ಕ ರೇಟು ಹಿಡಿಯಬೇಕು. ಲೀಟರಿಗೆ ಗುಣಿಸಬೇಕು. ದಿನದಿನದ್ದೂ ಕೂಡಿಸಬೇಕು. ಹಿಂಡಿ ತಗೊಂಡಿದ್ದರೆ ಕಳೆಯಬೇಕು. ಆರು ಸಾಲು. ಚೆನ್ನಾಗಿತ್ತು.

ಆಮೇಲೆ ನಾನು ಕೇಳಲು ಶುರುಮಾಡಿದೆ. ಒಂದು ದಿನ ಸಂಜೆ ಹಾಲು ಹಾಕಲಿಲ್ಲ, ಆಗ? ಒಂದು ಸಾಲು ಸೇರಿಸಿದಳು. ಹಿಂಡಿ ದುಡ್ಡು ಹಾಲಿನ ದುಡ್ಡಿಗಿಂತ ಜಾಸ್ತಿ ಆಯಿತು, ಆಗ? ಅಪ್ಪನ ಮುಖ ನೋಡಿದಳು. ಅವರು, "ಮುಂದಿನ ಬಟವಾಡೆಗೆ ಹಿಡ್ಕೋತಾರೆ ಕಣವ್ವ" ಅಂದರು. ಇನ್ನೆರಡು ಸಾಲು ಬಂತು. ಫ್ಯಾಟ್ ನೋಡುವ ಮಷಿನ್ ಕೆಟ್ಟಿದೆ, ಆಗ? ಪೆನ್ಸಿಲ್ ನಿಂತಿತು. ಐದು ನಿಮಿಷ ಯೋಚನೆ ಮಾಡಿದಳು, ಗೊತ್ತಾಗಲಿಲ್ಲ. ಆದರೆ ಹಾಳೆ ವಾಪಸ್ ಕೊಡಲಿಲ್ಲ. ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಎರಡು ದಿನ ಬಿಟ್ಟು ಫೋನ್ ಬಂತು. ಮಗಳೇ ಮಾತಾಡಿದಳು. "ಸಾರ್, ಡೇರಿ ಸೆಕ್ರೆಟ್ರಿನ ಕೇಳಿದೆ. ಮಷಿನ್ ಕೆಟ್ಟರೆ ಹಿಂದಿನ ದಿನದ ಫ್ಯಾಟನ್ನೇ ಬರೀತಾರಂತೆ. ಆದರೆ ಅವತ್ತೇ ಮೊದಲ ಸಲ ಹಾಲು ತಂದವರಿಗೆ ಹಿಂದಿನ ದಿನ ಅನ್ನೋದೇ ಇರಲ್ಲವಲ್ಲ. ಅವರಿಗೆ ಏನು ಬರೀಲಿ?"

ನೋಡಿ, ಅದನ್ನು ನಾನು ಕೇಳಿರಲಿಲ್ಲ. ಅವಳಾಗಿಯೇ ಹುಡುಕಿಕೊಂಡಿದ್ದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಹುಡುಗಿಗೆ ಆಗ ಒಂದು ಸಾಲು ಕೋಡ್ ಬರೆದು ಗೊತ್ತಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೂ ಪ್ರೋಗ್ರಾಮಿಂಗ್ ಅಂದರೆ ಇದೇ. ಕೆಲಸವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ ಬರೆಯುವುದು, ಆಮೇಲೆ ಯಾವ ಮೆಟ್ಟಿಲಲ್ಲಿ ಕಾಲು ಜಾರುತ್ತದೆ ಅಂತ ಹುಡುಕುವುದು.

ಮೂರನೇ ಸೆಮಿಸ್ಟರಿನ ವಿಷಯಗಳ ಹೆಸರು ಕೇಳಿ ಹೆದರಬೇಡಿ. ಅವೆಲ್ಲ ಆ ಡೇರಿಯಲ್ಲೇ ಇವೆ. ಹಾಲಿನ ಸಂಘದಲ್ಲಿ ಇನ್ನೂರು ಸದಸ್ಯರು. ಒಬ್ಬರ ಲೆಕ್ಕ ಥಟ್ ಅಂತ ಸಿಗಬೇಕಾದರೆ ಪುಸ್ತಕವನ್ನು ನಂಬರಿನ ಪ್ರಕಾರ ಜೋಡಿಸಬೇಕೋ, ಹೆಸರಿನ ಪ್ರಕಾರವೋ? ಅದು ಡೇಟಾ ಸ್ಟ್ರಕ್ಚರ್ಸ್. ಇರುವುದು ಒಂದೇ ಮಷಿನ್, ಮುಂದೆ ಐವತ್ತು ಕ್ಯಾನಿನ ಸಾಲು. ಯಾರದ್ದು ಮೊದಲು, ಯಾರೂ ಕಾದು ಕಾದು ವಾಪಸ್ ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ? ಅದು ಆಪರೇಟಿಂಗ್ ಸಿಸ್ಟಮ್. ಮಷಿನ್ ಒಳಗೆ ಸೊನ್ನೆ ಮತ್ತು ಒಂದು ಅನ್ನುವ ಎರಡೇ ಅಂಕಿ ಹಿಡಿದುಕೊಂಡು ಕೂಡುವುದು ಕಳೆಯುವುದು ಹೇಗೆ ನಡೆಯುತ್ತದೆ? ಅದು ಡಿಜಿಟಲ್ ಡಿಸೈನ್. ಆ ಸ್ಕೀಮಿನಲ್ಲಿ ನಾಲ್ಕನೇ ಸೆಮಿಸ್ಟರಿಗೆ ಡೇಟಾಬೇಸ್ ಬರುತ್ತದೆ. ನಿಮ್ಮ ಪಾಸ್‌ಬುಕ್ಕಿನಲ್ಲಿ ಇರುವುದೂ ಸಂಘದ ಪುಸ್ತಕದಲ್ಲಿ ಇರುವುದೂ ತಾಳೆಯಾಗಬೇಕಲ್ಲ, ಅದರ ವಿದ್ಯೆ ಅದು.

ಬ್ರಾಂಚುಗಳು ಬೇರೆಯಾಗುವುದು ನಾಲ್ಕನೇ ಸೆಮಿಸ್ಟರಿನಿಂದ ಮುಂದೆ, ಕೆಲವು ವಿಷಯಗಳಲ್ಲಿ. ಬೇರು ಒಂದೇ. ಬೇರು ಗಟ್ಟಿಯಿದ್ದವರು ಯಾವ ಕೊಂಬೆಗೂ ಹೋಗಬಲ್ಲರು. ಅದಕ್ಕೇ ಹೇಳುವುದು, ಹೆಸರು ಬಿಡಿ, ಮೂರನೇ ಸೆಮಿಸ್ಟರಿನ ಸಿಲೆಬಸ್ ನೋಡಿ.

ಹೆಸರಿನ ಹಿಂದೆ ಓಡಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. 1999ರಲ್ಲಿ ಎಲ್ಲರ ಬಾಯಲ್ಲೂ ವೈಟುಕೆ. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದರು. 2000 ಬಂದರೆ ಅದು 1900 ಆಗಿಬಿಡುತ್ತದೆ ಅನ್ನುವ ಭಯ. ಅದನ್ನು ಸರಿಮಾಡಲು ಕೋಬಾಲ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರು ಬೇಕಾಗಿದ್ದರು. ಬೆಂಗಳೂರಿನಲ್ಲಿ ಬೀದಿಬೀದಿಗೂ ಕೋಬಾಲ್ ಕ್ಲಾಸು. 2000 ಬಂತು, ಕೆಲಸ ಮುಗಿಯಿತು. ಅದೇ ವರ್ಷ ಅಮೆರಿಕದಲ್ಲಿ ಡಾಟ್‌ಕಾಂ, ಅಂದರೆ ಇಂಟರ್ನೆಟ್ ಕಂಪನಿಗಳು ಬೀಳಲು ಶುರುವಾದವು, ಮರುವರ್ಷ ಇಲ್ಲಿ ನೇಮಕಾತಿ ನಿಂತಿತು. ಕೋಬಾಲ್ ಒಂದನ್ನೇ ಬಾಯಿಪಾಠ ಮಾಡಿದವರು ಕಷ್ಟಪಟ್ಟರು. ಪ್ರೋಗ್ರಾಮ್ ಬರೆಯುವುದನ್ನೇ ಕಲಿತಿದ್ದ ನನ್ನ ಗೆಳೆಯರು ಬೇರೆ ಭಾಷೆ ಹಿಡಿದು ಮುಂದೆ ಹೋದರು. ಇವತ್ತು ಕೋಬಾಲ್ ಇದ್ದ ಜಾಗದಲ್ಲಿ ಎಐ ಅನ್ನುವ ಹೆಸರು ಕೂತಿದೆ. ಎಐ ಒಳ್ಳೆಯ ವಿಷಯ, ದೊಡ್ಡ ವಿಷಯ. ಆದರೆ ಅದರ ತಳದಲ್ಲಿ ಇರುವುದು ಗಣಿತ. ಸಂಭವನೀಯತೆ, ಮ್ಯಾಟ್ರಿಕ್ಸ್, ಕಲನಶಾಸ್ತ್ರ. ಪಿಯುಸಿಯಲ್ಲಿ ಇವನ್ನು ಕಂಡರೆ ಆಗದವರು ಎಐ ಅನ್ನುವ ಹೆಸರಿಗೆ ಮರುಳಾಗಿ ಹೋದರೆ ಅಲ್ಲಿ ಅದೇ ಗಣಿತ ಕಾದು ಕೂತಿರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಲ್ಯಾಬ್ ಪ್ರೋಗ್ರಾಮನ್ನು ಪಕ್ಕದವನಿಂದ ಕಾಪಿ ಮಾಡುವುದು ಮೊದಲಿನಿಂದಲೂ ಇತ್ತು. ಈಗ ಮೊಬೈಲಿಗೆ ಕೇಳಿದರೆ ಅದೇ ಬರೆದುಕೊಡುತ್ತದೆ. ರೆಕಾರ್ಡ್ ಪುಸ್ತಕ ಚೆಂದ ಇರುತ್ತದೆ. ಆಮೇಲೆ ನಾನು ಒಂದು ಸಾಲು ಅಳಿಸಿ, "ಈಗ ಏನಾಗುತ್ತೆ ಹೇಳಪ್ಪ" ಅಂದರೆ ಹುಡುಗ ಚಾವಣಿ ನೋಡುತ್ತಾನೆ. ಇಂಟರ್‌ವ್ಯೂನಲ್ಲಿ ಕೇಳುವುದೂ ಇದನ್ನೇ. ಪ್ರೋಗ್ರಾಮ್ ಕೈಯಾರೆ ಬರೆಯಿರಿ. ತಪ್ಪಾಗಲಿ. ಎರಡು ಗಂಟೆ ಕೂತು ಆ ತಪ್ಪನ್ನು ನೀವೇ ಹುಡುಕಿ. ಇದಕ್ಕೆ ಅಡ್ಡದಾರಿ ಇಲ್ಲ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಇಂಜಿನಿಯರಿಂಗ್ ಸೀಟು ಸಿಗಲಿಲ್ಲ ಅಂತ ಅಳುವ ಮನೆಗಳಿಗೆ ಒಂದು ಮಾತು. ಬಿಸಿಎ ಅನ್ನುವ ಕಂಪ್ಯೂಟರ್ ಪದವಿ ಇದೆ. ಮೂರು ವರ್ಷ ಓದು, ಆಮೇಲೆ ಬೇಕಾದರೆ ಎಂಸಿಎ ಎರಡು ವರ್ಷ. ಕಾಮರ್ಸ್ ಓದಿದವರನ್ನೂ ಎಷ್ಟೋ ಕಾಲೇಜುಗಳು ತೆಗೆದುಕೊಳ್ಳುತ್ತವೆ. ಅಲ್ಲೂ ಡೇಟಾ ಸ್ಟ್ರಕ್ಚರ್ಸ್, ಡೇಟಾಬೇಸ್ ಇವೆ. ಅಲ್ಲೂ ಸಿಲೆಬಸ್ ತೆಗೆದು ನೋಡಿ.

ಎಸ್‌ಎಸ್‌ಎಲ್‌ಸಿ ಆದ ಮಕ್ಕಳಿಗೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಅಂದರೆ ನೇರವಾಗಿ ನಾನು ಹೇಳುತ್ತಿರುವ ಆ ಮೂರನೇ ಸೆಮಿಸ್ಟರಿಗೇ ಬಂದು ಕೂರುತ್ತಾರೆ. ಕೈಕೆಲಸ ಕಲಿತು ಬಂದಿರುತ್ತಾರೆ, ಲ್ಯಾಬ್‌ನಲ್ಲಿ ಮುಂದಿರುತ್ತಾರೆ.

ಕಾಲೇಜು ಮುಖ್ಯವೋ ಬ್ರಾಂಚ್ ಮುಖ್ಯವೋ? ಕಂಪ್ಯೂಟರ್ ಕಡೆಯ ಬ್ರಾಂಚುಗಳ ಮಟ್ಟಿಗೆ ಕಾಲೇಜೇ ಮುಖ್ಯ. ಒಳ್ಳೆಯ ಕಾಲೇಜಿನ ಇನ್ಫರ್ಮೇಷನ್ ಸೈನ್ಸ್ ಬಿಟ್ಟು, ಲ್ಯಾಬೇ ಸರಿಯಿಲ್ಲದ ಕಡೆಯ ಎಐ ಹಿಡಿಯಬೇಡಿ. ಕಾಲೇಜು ನೋಡಲು ಹೋದಾಗ ಮೇಲಿನ ಗಾಜಿನ ಕಟ್ಟಡ ನೋಡಬೇಡಿ. ಮಧ್ಯಾಹ್ನ ಮೂರು ಗಂಟೆಗೆ ಲ್ಯಾಬ್ ತೆರೆದಿದೆಯಾ, ಒಳಗೆ ಮಕ್ಕಳು ಇದ್ದಾರಾ ಅಂತ ನೋಡಿ.

ಇಂಗ್ಲಿಷ್ ಬರುವುದಿಲ್ಲ ಅಂತ ಹೆದರುವ ಕನ್ನಡ ಮಾಧ್ಯಮದ ಮಕ್ಕಳೇ, ಕೇಳಿ. ಮೊದಲ ವರ್ಷದ ಕೆಲವು ಪುಸ್ತಕಗಳನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಕನ್ನಡದಲ್ಲೂ ತಂದಿದೆ. ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳಿ, ಇಂಗ್ಲಿಷಿನಲ್ಲಿ ಬರೆಯಿರಿ. ಮೂರು ತಿಂಗಳು ಕಷ್ಟ ಆಗುತ್ತದೆ, ನಾಲ್ಕನೇ ತಿಂಗಳಿಗೆ ದಾರಿಗೆ ಬರುತ್ತೀರಿ. ಪ್ರತಿ ವರ್ಷ ನನ್ನ ಕ್ಲಾಸಿನಲ್ಲಿ ನೋಡುತ್ತೇನೆ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಒಂದಾದರೂ ಪಾಠ ಕಾಲೇಜು ಶುರುವಾಗುವ ಮೊದಲು ಕೇಳಿ.

ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ 5 ಪರ್ಸೆಂಟ್ ಮೀಸಲಾತಿ ಇದೆ, ಗ್ರಾಮೀಣ ಭಾಗದಲ್ಲಿ ಓದಿದವರಿಗೆ 15 ಪರ್ಸೆಂಟ್. ಅದರ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ.

ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನು ಮೇಲೆ ಬರೆಯುತ್ತೀರೋ ಅದನ್ನೇ ಮೊದಲು ನೋಡುತ್ತಾರೆ. ಅದು ಸಿಕ್ಕರೆ ಕೆಳಗಿನ ಯಾವುದೂ ಆ ಸುತ್ತಿನಲ್ಲಿ ನಿಮಗೆ ಬರುವುದಿಲ್ಲ. ಹಾಗಾಗಿ ಮನಸ್ಸಿಗೆ ಬೇಕಾದದ್ದನ್ನೇ ಮೇಲೆ ಬರೆಯಿರಿ. ಮೊದಲು ಅಣಕು ಸೀಟು ಹಂಚಿಕೆ ಬರುತ್ತದೆ. ಅದನ್ನು ನೋಡಿಕೊಂಡು ಪಟ್ಟಿಯನ್ನು ಹಿಂದೆ ಮುಂದೆ ಮಾಡಲು ಅವಕಾಶ ಕೊಡುತ್ತಾರೆ. ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ, ಸೈಬರ್ ಸೆಂಟರಿನ ಹುಡುಗನಿಗೂ ಬೇಡ. ಪಕ್ಕದಲ್ಲಿ ಕೂತು ನೀವೇ ಒತ್ತಿ.

ಕೊನೆಯ ದಿನ ಸೈಬರ್ ಸೆಂಟರಿನಲ್ಲಿ ಸಾಲು ಜಾಸ್ತಿ ಇರುತ್ತದೆ, ವೆಬ್‌ಸೈಟೂ ನಿಧಾನ. ಎರಡು ದಿನ ಮುಂಚೆಯೇ ಹೋಗಿ. ಹೋದಾಗ ನಿಮಗೆ ಬೇಕಾದ ಎರಡು ಬ್ರಾಂಚಿನ ಮೂರನೇ ಸೆಮಿಸ್ಟರ್ ಸಿಲೆಬಸ್ ಪ್ರಿಂಟ್ ಹಾಕಿಸಿ. ವಿಟಿಯು ವೆಬ್‌ಸೈಟಿನಲ್ಲೇ ಇದೆ. ಸಿಲೆಬಸ್ ತಾನೇ ಮಾಡಿಕೊಳ್ಳುವ ಸ್ವಾಯತ್ತ ಕಾಲೇಜಾದರೆ ಆ ಕಾಲೇಜಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಜೊತೆಗೆ ಒಂದು ಪೆನ್ಸಿಲ್ ಇಟ್ಟುಕೊಳ್ಳಿ.

ನಮಸ್ಕಾರ.